ಬಾಗಿಲಿಗೆ ಬಂದವನು ಯಾರ ಮಗ?

ಸಾಗರದಿಂದ ಕೆಳದಿಗೆ ದಾರಿ ದೂರವೇನಲ್ಲ. ಅಡಿಕೆ ತೋಟಗಳನ್ನೂ ಗದ್ದೆಗಳನ್ನೂ ದಾಟಿ ಹೋದರೆ ರಾಮೇಶ್ವರ ದೇವಾಲಯ ಸಿಗುತ್ತದೆ. ಅದೇ ಊರಿನಲ್ಲಿ ಗುಂಡಾ ಜೋಯಿಸರು ದಶಕಗಳ ಕಾಲ ಕಲೆ ಹಾಕಿದ ಕಡತ, ತಾಳೆಗರಿಗಳ ವಸ್ತು ಸಂಗ್ರಹಾಲಯವಿದೆ. ಸಾಗರದ ಇನ್ನೊಂದು ಬದಿಗೆ ಇಕ್ಕೇರಿಯ ಅಘೋರೇಶ್ವರ ದೇವಾಲಯ. ಹೊಸನಗರ ತಾಲೂಕಿಗೆ ಹೋದರೆ ಒಂದು ಕಾಲಕ್ಕೆ ಬಿದನೂರು ಎಂದು ಹೆಸರಾಗಿದ್ದ ನಗರದ ಕೋಟೆ. ತೀರ್ಥಹಳ್ಳಿ ತಾಲೂಕಿನಲ್ಲಿ ಕಾಡಿನ ನಡುವೆ ಕವಲೇದುರ್ಗ. ಈ ನಾಲ್ಕೂ ಸ್ಥಳಗಳು ಒಂದೇ ಅರಸು ಮನೆತನದ ನೆನಪುಗಳು. ಸುಮಾರು 1500ರಿಂದ 1763ರವರೆಗೆ ಮಲೆನಾಡನ್ನೂ ಕರಾವಳಿಯ ಬಹುಭಾಗವನ್ನೂ ಆಳಿದ ಕೆಳದಿಯ ನಾಯಕರ ನೆನಪುಗಳು.

ಪ್ರವಾಸಿಗರು ಇಲ್ಲಿ ಶಿಲ್ಪ ನೋಡುತ್ತಾರೆ, ಕೋಟೆ ಹತ್ತುತ್ತಾರೆ. ಆದರೆ ಈ ನೆಲದಲ್ಲಿ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಪ್ರಶ್ನೆ ಎದ್ದಿತ್ತು. ಜೀವಭಯದಿಂದ ಓಡಿ ಬಂದು ಬಾಗಿಲು ತಟ್ಟುವವನನ್ನು ಒಳಗೆ ಬಿಟ್ಟುಕೊಳ್ಳಬೇಕೇ, ಬೇಡವೇ ಎಂಬ ಪ್ರಶ್ನೆ. ಇಂದು ಜಗತ್ತಿನ ಸಂಸತ್ತುಗಳಲ್ಲಿ, ನ್ಯಾಯಾಲಯಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ಕಾವೇರುತ್ತಿರುವುದು ಇದೇ ಪ್ರಶ್ನೆ. ಬಂದವರು ಯಾರು? ಯಾವ ಧರ್ಮದವರು? ಅವರಿಂದ ನಮಗೆ ಅಪಾಯವಿಲ್ಲವೇ? ನಮ್ಮ ಅನ್ನಕ್ಕೆ ಅವರು ಪಾಲುದಾರರಾಗುವುದಿಲ್ಲವೇ? ಈ ಪ್ರಶ್ನೆಗಳು ಹೊಸವಲ್ಲ. ಇವೆಲ್ಲವೂ ಬಿದನೂರಿನ ಅರಮನೆಯಲ್ಲೂ ಕೇಳಿ ಬಂದಿರಬಹುದಾದ ಪ್ರಶ್ನೆಗಳೇ.

ಹತ್ತೊಂಬತ್ತರ ತರುಣ

1689ರ ದಕ್ಷಿಣ ಭಾರತವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ದೆಹಲಿಯ ಚಕ್ರವರ್ತಿ ಔರಂಗಜೇಬ್ ದಖ್ಖನಿನಲ್ಲೇ ಬೀಡು ಬಿಟ್ಟಿದ್ದ. 1686ರಲ್ಲಿ ಬಿಜಾಪುರದ ಆದಿಲ್‌ಶಾಹಿ, 1687ರಲ್ಲಿ ಗೋಲ್ಕೊಂಡದ ಕುತುಬ್‌ಶಾಹಿ ಅವನ ವಶವಾಗಿದ್ದವು. 1689ರ ಫೆಬ್ರವರಿಯಲ್ಲಿ ಶಿವಾಜಿಯ ಹಿರಿಯ ಮಗ ಸಂಭಾಜಿ ಸಂಗಮೇಶ್ವರದಲ್ಲಿ ಸೆರೆಯಾದ. ಮಾರ್ಚ್ ತಿಂಗಳಲ್ಲಿ ಅವನನ್ನು ಕೊಲ್ಲಲಾಯಿತು. ಕಿರಿಯ ಮಗ ರಾಜಾರಾಮನಿಗೆ ಆಗ ಹತ್ತೊಂಬತ್ತು ವರ್ಷ. ರಾಯಗಡಕ್ಕೆ ಮೊಘಲ್ ಸೇನೆ ಮುತ್ತಿಗೆ ಹಾಕಿದಾಗ ಅವನು ತಪ್ಪಿಸಿಕೊಂಡು ಪ್ರತಾಪಗಡಕ್ಕೆ, ಅಲ್ಲಿಂದ ಪನ್ಹಾಳಕ್ಕೆ ಹೋದ. ಅಲ್ಲಿಯೂ ಉಳಿಗಾಲವಿಲ್ಲವೆಂದಾದಾಗ ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಕೆಲವೇ ಸಂಗಡಿಗರೊಂದಿಗೆ ವೇಷ ಮರೆಸಿಕೊಂಡು ದಕ್ಷಿಣಕ್ಕೆ ಹೊರಟ. ಗುರಿ ತಮಿಳುನಾಡಿನ ಜಿಂಜಿ ಕೋಟೆ. ಮರಾಠಿ ಮೂಲಗಳ ಪ್ರಕಾರ ಅವರು ತೊಟ್ಟದ್ದು ಲಿಂಗಾಯತ ಯಾತ್ರಿಕರ ವೇಷ. ಬೆನ್ನ ಹಿಂದೆ ಮೊಘಲ್ ಪಡೆ, ಮುಂದೆ ತುಂಬಿದ ನದಿಗಳು.

ಹೀಗೆ ಓಡಿ ಬಂದವನು ಕೆಳದಿಯ ಸೀಮೆಯನ್ನು ಮುಟ್ಟಿದಾಗ ಅಲ್ಲಿ ಆಳುತ್ತಿದ್ದವಳು ರಾಣಿ ಚೆನ್ನಮ್ಮಾಜಿ. ಅವಳು ವರ್ತಕ ಸಿದ್ದಪ್ಪ ಶೆಟ್ಟಿಯ ಮಗಳು. ಸೋಮಶೇಖರ ನಾಯಕನ ಪತ್ನಿ. ಗಂಡನ ಮರಣಾನಂತರ 1670ರ ದಶಕದ ಆರಂಭದಲ್ಲಿ ಅಧಿಕಾರ ವಹಿಸಿಕೊಂಡು, ಸುಮಾರು ಕಾಲು ಶತಮಾನ ರಾಜ್ಯವಾಳಿದಳು. ಲಿಂಗಣ್ಣ ಕವಿಯ 'ಕೆಳದಿನೃಪವಿಜಯಂ' ಎಂಬ ಕನ್ನಡ ಚಂಪೂ ಕಾವ್ಯ ಈ ಪ್ರಸಂಗವನ್ನು ದಾಖಲಿಸಿದೆ. ಮರಾಠರ ಕಡೆಯ ಬರಹಗಳಲ್ಲೂ ಮೊಘಲ್ ಆಸ್ಥಾನದ ಪಾರ್ಸಿ ಬರಹಗಳಲ್ಲೂ ಇದರ ಪ್ರಸ್ತಾಪವಿದೆ. ಪರಸ್ಪರ ಶತ್ರುಗಳಾಗಿದ್ದವರ ಲೇಖನಿಗಳು ಒಪ್ಪುವ ಸಂಗತಿ ಒಂದೇ: ಕೆಳದಿಯ ರಾಣಿ ರಾಜಾರಾಮನಿಗೆ ಆಶ್ರಯ ಕೊಟ್ಟಳು, ಅವನನ್ನು ಹಿಡಿದುಕೊಡಲಿಲ್ಲ, ಸುರಕ್ಷಿತವಾಗಿ ತನ್ನ ಸೀಮೆಯನ್ನು ದಾಟಿಸಿದಳು. ಅದೇ ವರ್ಷದ ನವೆಂಬರ್ ಆರಂಭದ ಹೊತ್ತಿಗೆ ಅವನು ಜಿಂಜಿ ಸೇರಿದ್ದ.

ಬಸ್ರೂರಿನ ಲೆಕ್ಕ

ಇಲ್ಲಿ ನಾವು ಸಾಮಾನ್ಯವಾಗಿ ಮರೆತುಬಿಡುವ ಒಂದು ಸಂಗತಿಯಿದೆ. 1665ರ ಫೆಬ್ರವರಿಯಲ್ಲಿ ಶಿವಾಜಿ ಸಮುದ್ರ ಮಾರ್ಗವಾಗಿ ಬಂದು ಬಸ್ರೂರನ್ನು ಲೂಟಿ ಮಾಡಿದ್ದ. ಇಂದಿನ ಕುಂದಾಪುರದ ಸಮೀಪದ ಬಸ್ರೂರು ಅಂದು ಕೆಳದಿ ರಾಜ್ಯದ ಶ್ರೀಮಂತ ಬಂದರು. ಕೆನರಾದ ಅಕ್ಕಿ ಗೋವಾಕ್ಕೂ ಅರಬ್ ನಾಡಿನ ಮಸ್ಕತ್‌ಗೂ ಹೋಗುತ್ತಿದ್ದ ಕಾಲವದು. ಆಗ ಕೆಳದಿಯ ಸಿಂಹಾಸನದಲ್ಲಿದ್ದವನು ಚೆನ್ನಮ್ಮಾಜಿಯ ಪತಿ ಸೋಮಶೇಖರ ನಾಯಕ. ಅಂದರೆ ಗಂಡನ ಕಾಲದಲ್ಲಿ ತನ್ನ ಬಂದರನ್ನು ಸೂರೆಗೈದವನ ಮಗನೇ ಇಪ್ಪತ್ತನಾಲ್ಕು ವರ್ಷಗಳ ನಂತರ ಪ್ರಾಣಭಿಕ್ಷೆ ಕೇಳಿ ಅವಳ ಬಾಗಿಲಿಗೆ ಬಂದಿದ್ದ!

ಲೆಕ್ಕ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿರಲಿಲ್ಲ. ಹುಡುಗನನ್ನು ಮೊಘಲರ ಕೈಗೊಪ್ಪಿಸಿದ್ದರೆ ಹಳೆಯ ಸೇಡೂ ತೀರುತ್ತಿತ್ತು, ಚಕ್ರವರ್ತಿಯ ಕೃಪೆಯೂ ಸಿಗುತ್ತಿತ್ತು. ಔರಂಗಜೇಬ್ ಉಡುಗೊರೆಗಳೊಂದಿಗೆ ದೂತನನ್ನು ಕಳುಹಿಸಿ ರಾಜಾರಾಮನನ್ನು ಒಪ್ಪಿಸುವಂತೆ ಕೇಳಿದನೆಂದು ಮಲೆನಾಡಿನಲ್ಲಿ ಪ್ರಚಲಿತವಿರುವ ಕಥನಗಳು ಹೇಳುತ್ತವೆ. ಮಂತ್ರಿಗಳು ಅಪಾಯವನ್ನು ಎಚ್ಚರಿಸಿದರೆಂದೂ, ಮರೆಹೊಕ್ಕವರನ್ನು ಕಾಯುವುದು ಈ ಮನೆತನದ ಧರ್ಮವೆಂದು ರಾಣಿ ನಿರ್ಧರಿಸಿದಳೆಂದೂ ಅವೇ ಕಥನಗಳು ಹೇಳುತ್ತವೆ. ಮಂತ್ರಿಗಳ ಎಚ್ಚರಿಕೆಯನ್ನು ಹೇಡಿತನವೆಂದು ತಳ್ಳಿ ಹಾಕುವಂತಿಲ್ಲ. ಬಿಜಾಪುರ, ಗೋಲ್ಕೊಂಡಗಳೇ ಉರುಳಿಬಿದ್ದ ಮೇಲೆ ಮಲೆನಾಡಿನ ಒಂದು ಪುಟ್ಟ ರಾಜ್ಯ ಅಂಜಿದ್ದರಲ್ಲಿ ತಪ್ಪೇನಿದೆ? ಭಯಕ್ಕೆ ಕಾರಣವಿದ್ದಾಗಲೂ ಬಾಗಿಲು ತೆರೆದದ್ದೇ ಇಲ್ಲಿಯ ಹಿರಿಮೆ.

ಭಯ ನಿಜವಾಯಿತು ಕೂಡಾ. ಮೊಘಲ್ ಸೇನೆ ಬಿದನೂರಿನ ಸೀಮೆಗೆ ಬಂತು. ಕನ್ನಡದ ಕಥನಗಳಲ್ಲಿ ಅದರ ನಾಯಕ ಔರಂಗಜೇಬನ ಮಗ ಆಜಮ್ ಷಾ. ಪಾರ್ಸಿ ಮೂಲಗಳಲ್ಲಿ ಕಾಣುವ ಹೆಸರು ಜಾನ್ ನಿಸಾರ್ ಖಾನ್. ಮಲೆನಾಡಿನ ಕಾಡು ಮತ್ತು ಮಳೆ ರಾಣಿಯ ಪಕ್ಷ ವಹಿಸಿದವು, ಅವಳು ಗೆದ್ದಳು ಎನ್ನುತ್ತವೆ ನಮ್ಮ ಕಥನಗಳು. ಅಲ್ಪ ಕಪ್ಪ ಪಡೆದು ಒಪ್ಪಂದ ಮಾಡಿಕೊಳ್ಳಲಾಯಿತು ಎನ್ನುತ್ತದೆ ಮೊಘಲ್ ಕಡೆಯ ದಾಖಲೆ. ಗೆಲುವಾಗಲಿ, ರಾಜಿಯಾಗಲಿ, ರಾಜ್ಯ ಉಳಿಯಿತು, ಮರೆಹೊಕ್ಕವನೂ ಉಳಿದ. ಕಪ್ಪ ಕೊಟ್ಟಿದ್ದರೆ ಅದನ್ನು ಆಶ್ರಯದ ಬೆಲೆಯೆಂದೇ ತಿಳಿಯಬಹುದು. ಆಶ್ರಯ ಪುಕ್ಕಟೆಯಾಗಿ ಕೊಡಬಹುದಾದ ವಸ್ತುವೆಂದು ಇತಿಹಾಸ ಎಲ್ಲಿಯೂ ಹೇಳಿಲ್ಲ.

ಇದು ಧರ್ಮಗಳ ಕಾಳಗವೇ?

ಈ ಪ್ರಸಂಗವನ್ನು ಹಿಂದೂ ರಾಣಿ ಮತ್ತು ಮುಸ್ಲಿಮ್ ಚಕ್ರವರ್ತಿಯ ನಡುವಿನ ಕಾಳಗವೆಂದು ಚಿತ್ರಿಸುವವರಿದ್ದಾರೆ. ಕತೆ ಹೇಳಲು ಅದು ಸುಲಭ. ಆದರೆ ಇತಿಹಾಸ ಅಷ್ಟು ಸರಳವಾಗಿಲ್ಲ. ಔರಂಗಜೇಬ್ ದಖ್ಖನಿನಲ್ಲಿ ಅಳಿಸಿ ಹಾಕಿದ ಎರಡು ದೊಡ್ಡ ರಾಜ್ಯಗಳೂ ಮುಸ್ಲಿಮ್ ಸುಲ್ತಾನರವು. ಅವನ ಸೇನೆಯಲ್ಲಿ ರಜಪೂತರಿದ್ದರು, ಮರಾಠಾ ಸರದಾರರೂ ಇದ್ದರು. ಬಸ್ರೂರನ್ನು ಲೂಟಿ ಮಾಡಿದವನೂ ಹಿಂದೂ, ಲೂಟಿಯಾದ ರಾಜ್ಯವೂ ಹಿಂದೂ ಅರಸರದು. ಅಂದಿನ ರಾಜಕಾರಣವನ್ನು ನಡೆಸುತ್ತಿದ್ದುದು ನೆಲ, ತೆರಿಗೆ, ಬಂದರು ಮತ್ತು ಅಧಿಕಾರ. ಅದರ ನಡುವೆಯೂ ಕೆಲವರು ಕೆಲವೊಮ್ಮೆ ಧರ್ಮವನ್ನು ನೆನಪಿಟ್ಟುಕೊಂಡರು; ಮರೆಹೊಕ್ಕವರನ್ನು ಕೈಬಿಡಬಾರದೆಂಬ ಧರ್ಮವನ್ನು.

ಕೆಳದಿಗೆ ಇದು ಮೊದಲ ಅನುಭವವೂ ಆಗಿರಲಿಲ್ಲ. ವಿಜಯನಗರದ ಕೊನೆಯ ಅರಸ ಶ್ರೀರಂಗರಾಯ ರಾಜ್ಯ ಕಳೆದುಕೊಂಡು ಬಂದಾಗ ಶಿವಪ್ಪ ನಾಯಕ ಅವನಿಗೆ ಆಸರೆಯಿತ್ತು ಬೇಲೂರಿನ ಕಡೆ ನೆಲೆ ಕಲ್ಪಿಸಿದ್ದ. ಪೋರ್ಚುಗೀಸರ ಗೋವಾದಲ್ಲಿ 1560ರಿಂದ ನಡೆದ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣೆಯ ಕಾಟ ತಾಳಲಾರದೆ ಗೌಡ ಸಾರಸ್ವತ ಕುಟುಂಬಗಳು ಕೆನರಾದ ಕಡೆಗೆ ಬಂದವು. ಬರಗಾಲ, ದಾಳಿ ಮತ್ತು ಅದೇ ವಿಚಾರಣೆಯ ಭಯದಿಂದ ಗೋವಾದ ಕೊಂಕಣಿ ಕ್ಯಾಥೊಲಿಕರೂ ಬಂದರು. ಅವರ ಬೇಸಾಯದ ಕೌಶಲವನ್ನು ಕಂಡು ಕೆಳದಿಯ ಅರಸರು ಅವರಿಗೆ ನೆಲೆ ಕೊಟ್ಟರು. ಒಂದೇ ಊರಿನಿಂದ ಓಡಿ ಬಂದ ಎರಡು ಧರ್ಮದವರಿಗೆ ಒಂದೇ ರಾಜ್ಯ ಜಾಗ ಕೊಟ್ಟಿತು. ಇಂದು ಕರಾವಳಿಯ ವ್ಯಾಪಾರ, ಶಿಕ್ಷಣ, ಬ್ಯಾಂಕಿಂಗ್ ಕ್ಷೇತ್ರಗಳಲ್ಲಿ ಈ ಎರಡೂ ಸಮುದಾಯಗಳ ಕೊಡುಗೆ ಏನೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಬಂದವರು ಹೊರೆಯಾಗುತ್ತಾರೆ ಎನ್ನುವವರು ಮಂಗಳೂರು, ಉಡುಪಿಗಳನ್ನೊಮ್ಮೆ ನೋಡಿ ಬರಲಿ.

ಹಾಗೆಂದು ಆಶ್ರಯದ ಹೆಸರಿನಲ್ಲಿ ನಡೆದುದೆಲ್ಲವೂ ಉದಾತ್ತವೆಂದು ನಾವು ಹೇಳುವುದಿಲ್ಲ. ತಾನೇ ಬಿದನೂರಿನ ನಿಜವಾದ ಉತ್ತರಾಧಿಕಾರಿ ಚೆನ್ನಬಸಪ್ಪ ನಾಯಕನೆಂದು ಹೇಳಿಕೊಂಡು ಬಂದ ಒಬ್ಬ ಯುವಕನನ್ನು ಹೈದರ್ ಅಲಿ ಜೊತೆಗಿಟ್ಟುಕೊಂಡ. ಅವನ ಹಕ್ಕಿನ ಹೆಸರು ಹೇಳಿಕೊಂಡೇ 1763ರಲ್ಲಿ ಬಿದನೂರನ್ನು ವಶಪಡಿಸಿಕೊಂಡ. ಆದರೆ ಸಿಂಹಾಸನ ಆ ಯುವಕನಿಗೆ ದಕ್ಕಲಿಲ್ಲ. ಊರಿನ ಹೆಸರು ಹೈದರ್‌ನಗರವಾಯಿತು. ಅಂದು ಆಳುತ್ತಿದ್ದ ರಾಣಿ ವೀರಮ್ಮಾಜಿ ಮಧುಗಿರಿಯ ಸೆರೆ ಸೇರಿದಳು. ಅದೇ ಕೋಟೆ, ಅದೇ ನೆಲ. ಚೆನ್ನಮ್ಮಾಜಿ ಮರೆಹೊಕ್ಕವನಿಗಾಗಿ ತನ್ನ ರಾಜ್ಯವನ್ನು ಅಪಾಯಕ್ಕೊಡ್ಡಿದಳು. ಹೈದರ್ ಮರೆಹೊಕ್ಕವನನ್ನು ಮುಂದಿಟ್ಟುಕೊಂಡು ರಾಜ್ಯವೊಂದನ್ನು ಪಡೆದ. ಇಂದಿಗೂ ಸರಕಾರಗಳು ನೆರೆ ದೇಶದ ನಿರಾಶ್ರಿತರನ್ನು ಕೆಲವೊಮ್ಮೆ ಅನುಕಂಪದಿಂದ, ಕೆಲವೊಮ್ಮೆ ದಾಳವಾಗಿ ಇರಿಸಿಕೊಳ್ಳುತ್ತವೆ. ಹೆಸರು ಮುಸ್ಲಿಮನದ್ದೆಂಬ ಕಾರಣಕ್ಕೆ ಈ ವ್ಯತ್ಯಾಸವನ್ನು ನಾವು ಮುಚ್ಚಿಡಬೇಕಾಗಿಲ್ಲ.

ನಜ್ಜಾಶಿಯ ಆಸ್ಥಾನ

ಇಸ್ಲಾಮೀ ಇತಿಹಾಸವನ್ನು ಬಲ್ಲವರಿಗೆ ಕೆಳದಿಯ ಪ್ರಸಂಗ ಕೇಳುವಾಗ ಇನ್ನೊಂದು ಆಸ್ಥಾನ ನೆನಪಾಗದೆ ಇರದು. ಪ್ರವಾದಿ ಮುಹಮ್ಮದ್(ಸ)ರ ಅನುಯಾಯಿಗಳ ಒಂದು ಪುಟ್ಟ ತಂಡ ಸುಮಾರು ಕ್ರಿ.ಶ. 615ರಲ್ಲಿ ಮಕ್ಕಾದ ಹಿಂಸೆ ತಾಳಲಾರದೆ ಸಮುದ್ರ ದಾಟಿ ಅಬಿಸೀನಿಯಕ್ಕೆ ಹೋಯಿತು. ಅಲ್ಲಿನ ದೊರೆ ನಜ್ಜಾಶಿ ಕ್ರೈಸ್ತ. ಅವರನ್ನು ಮರಳಿ ಒಪ್ಪಿಸಬೇಕೆಂದು ಕೇಳಲು ಮಕ್ಕಾದ ಮುಖಂಡರು ಉಡುಗೊರೆಗಳೊಂದಿಗೆ ದೂತರನ್ನು ಕಳುಹಿಸಿದರು. ದೂತರ ಮಾತು ಕೇಳಿ ದೊರೆ ತೀರ್ಪು ಕೊಡಲಿಲ್ಲ. ಓಡಿ ಬಂದವರನ್ನೂ ಕರೆಸಿ, ಅವರ ಪರವಾಗಿ ಜಅಫರ್ ಬಿನ್ ಅಬೀ ತಾಲಿಬ್(ರ) ಆಡಿದ ಮಾತನ್ನು ಪೂರ್ತಿಯಾಗಿ ಕೇಳಿದ. ಕೊನೆಗೆ ಉಡುಗೊರೆಗಳನ್ನು ಹಿಂದಿರುಗಿಸಿದ, ಜನರನ್ನು ಹಿಂದಿರುಗಿಸಲಿಲ್ಲ. ಮುಸ್ಲಿಮ್ ಸಮುದಾಯದ ಇತಿಹಾಸ ಆರಂಭವಾಗುವುದೇ ಹೀಗೆ ಅನ್ಯಧರ್ಮೀಯ ದೊರೆಯೊಬ್ಬ ಕೊಟ್ಟ ಆಶ್ರಯದಿಂದ.

ಕುರ್‌ಆನಿನ 'ಅತ್ತೌಬ' ಅಧ್ಯಾಯದ 6ನೇ ಸೂಕ್ತ ವಿರೋಧಿ ಪಾಳೆಯದ ಬಹುದೇವಾರಾಧಕನು ಅಭಯ ಕೇಳಿ ಬಂದರೂ ಅಭಯ ನೀಡಿ, ಆತನನ್ನು ಸುರಕ್ಷಿತ ತಾಣಕ್ಕೆ ತಲುಪಿಸಬೇಕೆಂದು ಆದೇಶಿಸುತ್ತದೆ. ಮಕ್ಕಾ ವಿಜಯದ ದಿನ ಉಮ್ಮು ಹಾನಿ(ರ) ಎಂಬ ಮಹಿಳೆ ಎದುರಾಳಿಗಳ ಕಡೆಯವರಿಗೆ ಅಭಯ ನೀಡಿದ್ದನ್ನು ಪ್ರವಾದಿ(ಸ) ಎತ್ತಿ ಹಿಡಿದರು. ಒಬ್ಬ ಮಹಿಳೆ ಕೊಟ್ಟ ಮಾತು ಇಡೀ ಸಮುದಾಯದ ಮಾತಾಯಿತು. ಸುರಕ್ಷಿತ ತಾಣಕ್ಕೆ ತಲುಪಿಸುವುದು. ಚೆನ್ನಮ್ಮಾಜಿ ಮಾಡಿದ್ದೂ ಅದನ್ನೇ ಅಲ್ಲವೇ? ಅವಳು ರಾಜಾರಾಮನಿಗೆ ಅರ್ಧ ರಾಜ್ಯ ಬರೆದುಕೊಡಲಿಲ್ಲ. ಅವನನ್ನು ಬೆನ್ನಟ್ಟಿದವರ ಕೈಗೆ ಕೊಡಲಿಲ್ಲ, ಅಷ್ಟೇ. ಆದರೆ ಆ 'ಅಷ್ಟೇ' ಎಂಬುದರಲ್ಲಿ ಒಂದು ಜೀವವಿತ್ತು.

ನಮ್ಮ ಕಾಲದ ಬಾಗಿಲು

ಎರಡನೇ ಮಹಾಯುದ್ಧದ ನಂತರ ಜಗತ್ತು ಈ ಹಳೆಯ ಧರ್ಮವನ್ನು ಕಾನೂನಿನ ಭಾಷೆಯಲ್ಲಿ ಬರೆಯಿತು. 1951ರ ನಿರಾಶ್ರಿತರ ಒಡಂಬಡಿಕೆಯ ತಿರುಳು, ಪ್ರಾಣಭಯವಿರುವ ನೆಲಕ್ಕೆ ಯಾರನ್ನೂ ಬಲವಂತವಾಗಿ ಮರಳಿ ಅಟ್ಟಬಾರದು ಎಂಬುದು. ಭಾರತ ಆ ಒಡಂಬಡಿಕೆಗಾಗಲಿ, 1967ರ ಅದರ ಪೂರಕ ಒಪ್ಪಂದಕ್ಕಾಗಲಿ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಆದರೂ ಈ ದೇಶ ಆಶ್ರಯ ಕೊಟ್ಟಿದೆ, ಉದಾರವಾಗಿಯೇ ಕೊಟ್ಟಿದೆ. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದ ಮೇಲೆ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಟಿಬೆಟಿಯನ್ನರಿಗೆ ಬಿಟ್ಟುಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ಅವರ ನೆಲೆಗಳಾದವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂಗಳಿಗೆ ಸಿಂಧನೂರಿನ ಬಳಿ ನೆಲೆ ಸಿಕ್ಕಿತು. ಕನ್ನಡಿಗರು ಇವರನ್ನು ಅಟ್ಟಲಿಲ್ಲ. ಮುಂಡಗೋಡಿನ ಸಂತೆಯಲ್ಲಿ ಟಿಬೆಟಿಯನ್ ಭಿಕ್ಷು ಕನ್ನಡದಲ್ಲಿ ಚೌಕಾಸಿ ಮಾಡಿದರೆ ಯಾರೂ ತಿರುಗಿ ನೋಡುವುದಿಲ್ಲ.

ಕಾನೂನಿಲ್ಲದ ಔದಾರ್ಯಕ್ಕೆ ಒಂದು ದೋಷವಿದೆ. ಅದು ಬಂದವರ ಮುಖ ನೋಡಿ ಬದಲಾಗುತ್ತದೆ. 2017ರ ಆಗಸ್ಟ್ ನಂತರ ಮ್ಯಾನ್ಮಾರ್‌ನ ಸೇನೆಯ ಹಿಂಸೆಗೆ ಅಂಜಿ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯರು ಬಾಂಗ್ಲಾದೇಶಕ್ಕೆ ಓಡಿ ಬಂದರು. ಭಾರತದಲ್ಲಿರುವ ರೋಹಿಂಗ್ಯರನ್ನು ಸರಕಾರ ಅಕ್ರಮ ವಲಸಿಗರೆಂದು ಪರಿಗಣಿಸಿತು. ಜಮ್ಮುವಿನಲ್ಲಿ ಬಂಧನದಲ್ಲಿದ್ದವರ ಗಡಿಪಾರನ್ನು ತಡೆಯಲು 2021ರ ಏಪ್ರಿಲ್‌ನಲ್ಲಿ ಸುಪ್ರೀಮ್ ಕೋರ್ಟ್ ನಿರಾಕರಿಸಿತು. ನಿಗದಿತ ಕಾನೂನು ಕ್ರಮವನ್ನು ಪಾಲಿಸಬೇಕೆಂದಷ್ಟೇ ಹೇಳಿತು. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಮೂರು ನೆರೆ ದೇಶಗಳಿಂದ ಬಂದ ಆರು ಧರ್ಮಗಳ ಜನರಿಗೆ ದಾರಿ ತೆರೆಯಿತು. ಆ ಪಟ್ಟಿಯಲ್ಲಿ ಮುಸ್ಲಿಮರಿಲ್ಲ. ಆ ದೇಶಗಳ ಪಟ್ಟಿಯಲ್ಲಿ ಮ್ಯಾನ್ಮಾರ್ ಇಲ್ಲ, ತಮಿಳು ಹಿಂದೂಗಳು ಓಡಿ ಬಂದ ಶ್ರೀಲಂಕಾವೂ ಇಲ್ಲ. ಆರು ಧರ್ಮದವರಿಗೆ ಸಿಕ್ಕ ಆಸರೆಯ ಬಗ್ಗೆ ನಮಗೆ ಆಕ್ಷೇಪವಿಲ್ಲ. ಏಟು ತಿಂದು ಬಂದವನಿಗೆ ಬಾಗಿಲು ತೆರೆಯುವ ಮುನ್ನ ಅವನ ಧರ್ಮ ಕೇಳುವುದಕ್ಕೆ ಆಕ್ಷೇಪವಿದೆ.

ಭದ್ರತೆಯ ಪ್ರಶ್ನೆ ಎತ್ತುವವರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬಂದವರಲ್ಲಿ ಯಾರು ನಿಜವಾಗಿ ಸಂತ್ರಸ್ತರು, ಯಾರು ಅಲ್ಲ ಎಂದು ವಿಚಾರಿಸುವ ಹಕ್ಕು ಪ್ರತಿಯೊಂದು ದೇಶಕ್ಕೂ ಇದೆ. ನಜ್ಜಾಶಿಯೂ ವಿಚಾರಿಸಿಯೇ ನಿರ್ಧರಿಸಿದ. ಆದರೆ ವಿಚಾರಣೆಯೆಂದರೆ ಒಬ್ಬೊಬ್ಬನ ಮಾತನ್ನೂ ಕೇಳುವುದು. ಒಂದು ಜನಾಂಗದ ಮೇಲೆ ಒಟ್ಟಾಗಿ ತೀರ್ಪು ಬರೆಯುವುದಲ್ಲ. ಅಪರಾಧ ಮಾಡಿದವನಿಗೆ ಶಿಕ್ಷೆಯಾಗಲಿ. ತಂದೆ ಮಾಡಿದ್ದಕ್ಕೆ ಮಗನನ್ನು, ಯಾರೋ ಮಾಡಿದ್ದಕ್ಕೆ ಸಮುದಾಯವನ್ನು ಹೊಣೆ ಮಾಡುವುದಾದರೆ ರಾಜಾರಾಮನಿಗೆ ಕೆಳದಿಯಲ್ಲಿ ಜಾಗ ಸಿಗುತ್ತಿರಲಿಲ್ಲ.

ಮುಳುಗಡೆಯ ನಾಡಿಗೆ ಗೊತ್ತಿರುವ ಸತ್ಯ

ಮನೆ ಕಳೆದುಕೊಳ್ಳುವುದೆಂದರೇನೆಂದು ಸಾಗರ, ಹೊಸನಗರಗಳ ಜನರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕೊಳ್ಳದ ಊರುಗಳು ನೀರಿನಡಿ ಸೇರಿದವು. ನಾಡಿಗೆ ಬೆಳಕು ಕೊಟ್ಟವರು ಕತ್ತಲೆಗೆ ಬಿದ್ದರು. ಬದಲಿಯಾಗಿ ಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ಅವರ ಮಕ್ಕಳು, ಮೊಮ್ಮಕ್ಕಳು ಹೋರಾಡಬೇಕಾಯಿತು. ಅರಣ್ಯದಿಂದ ಬಿಡಿಸಿ ಕೊಟ್ಟಿದ್ದ ಭೂಮಿಯ ಆದೇಶಗಳು 2021ರಲ್ಲಿ ಹೈಕೋರ್ಟ್‌ನಲ್ಲಿ ರದ್ದಾದಾಗ ಈ ನಾಡು ಮತ್ತೆ ಆತಂಕಕ್ಕೊಳಗಾಯಿತು.

ಅದೇ 1960ರ ದಶಕದಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಕಾಪ್ತಾಯಿ ಎಂಬ ಇನ್ನೊಂದು ಅಣೆಕಟ್ಟು ಚಕ್ಮಾ ಬುಡಕಟ್ಟಿನವರ ಊರುಗಳನ್ನು ಮುಳುಗಿಸಿತು. ಬೌದ್ಧರಾದ ಆ ಜನ ಗಡಿ ದಾಟಿ ಭಾರತಕ್ಕೆ ಬಂದರು. ಸರಕಾರ ಅವರನ್ನು ಇಂದಿನ ಅರುಣಾಚಲ ಪ್ರದೇಶದಲ್ಲಿ ನೆಲೆಗೊಳಿಸಿತು. ಸ್ಥಳೀಯರು ಅವರನ್ನು ಹೊರಗಟ್ಟಲು ಮುಂದಾದಾಗ ಪ್ರಕರಣ ಸುಪ್ರೀಮ್ ಕೋರ್ಟ್ ಮೆಟ್ಟಿಲೇರಿತು. 1996ರಲ್ಲಿ ನ್ಯಾಯಾಲಯ ಕೊಟ್ಟ ತೀರ್ಪಿನ ಸಾರ ಇದು: ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ಭಾರತದ ಪ್ರಜೆಗೆ ಮಾತ್ರ ಸೀಮಿತವಲ್ಲ, ಈ ನೆಲದ ಮೇಲಿರುವ ಪ್ರತಿಯೊಬ್ಬ ಮನುಷ್ಯನಿಗೂ ಸೇರಿದ್ದು. ಲಿಂಗನಮಕ್ಕಿಯ ನೀರು ಮತ್ತು ಕಾಪ್ತಾಯಿಯ ನೀರು ಮುಳುಗಿಸಿದ್ದು ಒಂದೇ ಬಗೆಯ ಬದುಕನ್ನು. ಒಬ್ಬರು ಗಡಿಯೊಳಗೆ ಸಂತ್ರಸ್ತರಾದರು, ಇನ್ನೊಬ್ಬರು ಗಡಿ ದಾಟಿ ನಿರಾಶ್ರಿತರಾದರು. ಹೆಸರು ಬೇರೆಯಾದರೂ ನೋವು ಬೇರೆಯಾಗದು.

ಚೆನ್ನಮ್ಮಾಜಿಗೂ ಈ ನೋವಿನ ಪರಿಚಯವಿತ್ತು. ಗಂಡ ಸತ್ತ ಹೊಸತರಲ್ಲಿ ಬಿಜಾಪುರದ ಸೇನೆ ಬಿದನೂರಿನ ಮೇಲೆರಗಿದಾಗ ಅವಳು ರಾಜಧಾನಿ ಬಿಟ್ಟು ಭುವನಗಿರಿಯನ್ನು, ಅಂದರೆ ತೀರ್ಥಹಳ್ಳಿಯ ಕವಲೇದುರ್ಗವನ್ನು ಸೇರಿದಳೆಂದು ಪರಂಪರೆ ಹೇಳುತ್ತದೆ. ಕೋಟೆಯೊಂದರ ಆಸರೆಯಲ್ಲಿ ಜೀವ ಉಳಿಸಿಕೊಂಡವಳಿಗೆ, ಬಾಗಿಲು ಮುಚ್ಚಿದ್ದರೆ ಏನಾಗುತ್ತಿತ್ತೆಂದು ಗೊತ್ತಿತ್ತು.

ಇಂದು ಅವಳ ಹೆಸರನ್ನು ನಾವೆಲ್ಲರೂ ಅಭಿಮಾನದಿಂದ ಹೇಳುತ್ತೇವೆ. ಅವಳ ಮೇಲೆ ಪುಸ್ತಕ ಬರೆಯುತ್ತೇವೆ, ಭಾಷಣ ಮಾಡುತ್ತೇವೆ. ಆದರೆ ಅವಳನ್ನು ದೊಡ್ಡವಳನ್ನಾಗಿ ಮಾಡಿದ್ದು ಖಡ್ಗವಲ್ಲ. ಖಡ್ಗ ಹಿಡಿದವರು ಆ ಕಾಲದಲ್ಲಿ ಬಹಳ ಮಂದಿಯಿದ್ದರು. ಬಸ್ರೂರಿನ ಲೂಟಿ ನೆನಪಿದ್ದೂ ಆ ಹುಡುಗನಿಗೆ ಬಾಗಿಲು ತೆರೆದದ್ದು ಅವಳನ್ನು ದೊಡ್ಡವಳನ್ನಾಗಿ ಮಾಡಿತು. ನಮ್ಮ ದೇಶದ ಬಾಗಿಲು ತಟ್ಟುವವನ ಮುಂದೆಯೂ ಅದೇ ಪ್ರಶ್ನೆಯಿದೆ. ನೀನು ಯಾರ ಮಗ ಎಂದು ಕೇಳುವುದೋ, ನಿನ್ನನ್ನು ಅಟ್ಟಿಸಿಕೊಂಡು ಬರುತ್ತಿರುವವರು ಯಾರು ಎಂದು ಕೇಳುವುದೋ? ಎರಡರಲ್ಲಿ ಯಾವುದನ್ನು ಮೊದಲು ಕೇಳುತ್ತೇವೆ ಎಂಬುದರ ಮೇಲೆ, ಕೆಳದಿಯ ಪರಂಪರೆಗೆ ನಾವು ಎಷ್ಟರಮಟ್ಟಿಗೆ ವಾರಸುದಾರರು ಎಂಬುದು ತೀರ್ಮಾನವಾಗುತ್ತದೆ.